ಮಸಾರಿ ನೆಲದ ಗುದ್ದು

ಮಗಳು: ಕಾಕಾ, ಬೆಂಗಳೂರಾಗ ನನ್ನ ರೂಮಿನಾಕಿ ಒಂದು ಟಾರಂಟುಲಾ ಸಾಕ್ಯಾಳ. ಗಾಜಿನ ಪೆಟ್ಟಿಗ್ಯಾಗ ಇಟ್ಟು ವಾರಕ್ಕೊಮ್ಮೆ ಜಿರಳೆ ಹಾಕ್ತಾಳ. ನಮ್ಮ ಸುರಪುರದ ಗುಡ್ಡದ ಕಡೆನೂ ನೆಲದಾಗ ಗುದ್ದು ತೋಡಿಕೊಂಡಿರೂ ದೊಡ್ಡ ಜೇಡ ಅವ ಅಂತ ಹೇಳಿದ್ದೇ ತಡ, ನನಗೊಂದು ತಂದುಕೊಡು ಅಂತ ಗಂಟುಬಿದ್ದಾಳ. ಹೆಂಗ ಹಿಡೀಬೇಕು ಹೇಳ್ರಿ.

ಕಾಕಾ: ಹಿಡಿಯೂ ಮಾತು ಆಮ್ಯಾಲ ಆಡೋಣು. ಆಕಿ ಸಾಕಿದ್ದು ಯಾವುದು?

ಮಗಳು: ಮೆಕ್ಸಿಕೋದ್ದಂತ. ಕಪ್ಪು ಮೈ, ಮೊಣಕಾಲಿಗೆ ಕೇಸರಿ ಪಟ್ಟಿ.

ಕಾಕಾ: ಹಂಗಾದ್ರ ಬ್ರಾಕಿಪೆಲ್ಮಾ. ಸಾಕಲಾಕ ಅಂತ ಅದನ್ನ ಎಷ್ಟು ಹಿಡಿದ್ರು ಅಂದ್ರ, 1985ರಾಗೇ ಸೈಟಿಸ್ ಅನ್ನೂ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಬೇಕಾತು. ಪರವಾನಗಿ ಇಲ್ಲದ ಒಂದು ದೇಶದಿಂದ ಇನ್ನೊಂದು ದೇಶಕ್ಕ ಒಯ್ಯಂಗಿಲ್ಲ. ಆದ್ರೂ ಒಯ್ತಾರ. 2021ರ ಜುಲೈದಾಗ ಪೋಲೆಂಡಿನಿಂದ ಚೆನ್ನೈಗೆ ಅಂಚೆ ಮ್ಯಾಲ ಒಂದು ಪಾರ್ಸೆಲ್ ಬಂತು. ಥರ್ಮಾಕೋಲ್ ಡಬ್ಬಿ, ಅದರಾಗ ಬೆಳ್ಳಿಹಾಳಿ, ಹತ್ತಿ ಸುತ್ತಿದ ಸಣ್ಣ ಸಣ್ಣ ಸೀಸೆ. ಕಸ್ಟಮ್ಸ್‌ದವರು ಬಿಚ್ಚಿ ನೋಡಿದ್ರ 107 ಜೀವಂತ ಜೇಡ. ಬಂದ ದೇಶಕ್ಕೇ ತಿರುಗಿ ಕಳಿಸ್ರಿ ಅಂತ ಅಂಚೆಯವರ ಕೈಗೆ ಕೊಟ್ರು. ನಿನ್ನ ಗೆಳತಿಗೆ ಮೊದಲು ಒಂದು ಮಾತು ಕೇಳು: ಆಕಿದು ಎಲ್ಲಿಂದ ಬಂದದ್ದು? ಸೈಟಿಸ್ ಪಟ್ಟಿಯ ಪ್ರಾಣಿ ಜೀವಂತ ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ದಾಗ ನೋಂದಣಿ ಮಾಡಿಸಬೇಕು ಅಂತ 2024ರಾಗ ನಿಯಮ ಬಂದದ.

ಮಗಳು: ಕೇಳ್ತೀನಿ. ಆದ್ರ ನಮ್ಮ ಗುಡ್ಡದ್ದಕ್ಕ ಪೋಲೆಂಡೂ ಇಲ್ಲ, ಕಸ್ಟಮ್ಸೂ ಇಲ್ಲ. ನಮ್ಮ ಹೊಲದ್ದು, ನಾವು ತಗೊಂಡ್ರ ಯಾರಿಗೇನು?

ಕಾಕಾ: ಅದಕ್ಕ ಏನು ಅಂತ ಕೇಳು. ಮೊದಲು ಅದು ಎಲ್ಲಿರ್ತದ ತಿಳಕೋ. ಎರಿ ಹೊಲ್ದಾಗ ನಾ ಕಂಡಿಲ್ಲ. ಎರಿ ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರಕು ಬಿಡ್ತದ, ಮಳಿ ಬಿದ್ರ ಉಬ್ಬಿ ಕೂಡಿಕೊಳ್ತದ. ಒಂದೇ ಗುದ್ದಿನಾಗ ವರ್ಷಾನುಗಟ್ಟಲೆ ಬಾಳೂ ಜೀವಕ್ಕ ಅಂಥ ನೆಲ ಆಗಿಬರೂದಿಲ್ಲ. ಮಸಾರಿ ಬೇಕು, ಗರಸು ಬೇಕು, ಬಂಡೆ ಬುಡ ಬೇಕು, ಹಳೇ ಒಡ್ಡು ಬೇಕು. ಶಹಾಪುರದ ಬುದ್ಧ ಮಲಗಿದ ಗುಡ್ಡದಿಂದ ಸುರಪುರದ ಗುಡ್ಡದ ಸಾಲು, ಅತ್ತ ಯಾದಗಿರಿ ಕೋಟಿ ಗುಡ್ಡದ ತನಕ ಇಂಥ ಕಲ್ಲು-ಗರಸಿನ ಇಳಿಜಾರು ಇನ್ನೂ ಅಲ್ಲಲ್ಲಿ ಉಳಿದಾವ. ನಮ್ಮ ಮೂಡಲ ಹೊಲದ ಒಡ್ಡಿನಾಗ ಇದರ ಗುದ್ದು ಅವ, ನೋಡೀಯಲ್ಲ?

ಮಗಳು: ಇಲಿ ಗುದ್ದು ಅಂದುಕೊಂಡಿದ್ದೆ.

ಕಾಕಾ: ಇಲಿ ಗುದ್ದಿನ ಬಾಯಿ ಮುಂದ ಮಣ್ಣಿನ ಗುಪ್ಪಿ ಬಿದ್ದಿರ್ತದ. ಏಡಿ ಗುದ್ದಾದ್ರ ಹಸಿ ಮಣ್ಣಿನ ಉಂಡಿ ಇರ್ತಾವ. ಇದರ ಬಾಯಿ ದುಂಡಗ, ಎರಡು ಬಟ್ಟು ಹೋಗೂವಷ್ಟು ಅಗಲ. ಅಂಚಿಗೆ ಬಿಳಿ ನೂಲು, ಆ ನೂಲಿಗೆ ಹುಲ್ಲಿನ ಎಸಳು, ಒಣ ಎಲಿ ಚೂರು ಸೇರಿಸಿ ನೇಯ್ದಿರ್ತದ. ಬಗ್ಗಿ ಟಾರ್ಚ್ ಹಿಡಿ, ಬಟ್ಟು ಮಾತ್ರ ತೂರಿಸಬ್ಯಾಡ. ಒಳಗಿನ ಗೋಡಿ ನೂಲು ಬಳಿದು ನುಣ್ಣಗ ಮಾಡಿರ್ತದ, ಹಂಗಾಗಿ ಗರಸು ಉದುರೂದಿಲ್ಲ. ಒಂದು ಮೊಳ ನೆಟ್ಟಗ ಇಳಿದು ಅಡ್ಡಕ್ಕ ತಿರುಗ್ತದ. ಆ ತಿರುವಿನ ಆಚೆ ಹೆಣ್ಣು ಕುಂತಿರ್ತದ. ನಡುಹಗಲು ಬಾಯಿಗೆ ತೆಳ್ಳನ ನೂಲಿನ ಪರದೆ ಎಳೆದುಬಿಡ್ತದ. ಕೆಲವೊಮ್ಮೆ ಮಣ್ಣು ಮುಚ್ಚಿ ತಿಂಗಳುಗಟ್ಟಲೆ ಒಳಗೇ ಇರ್ತದ. ಸತ್ತಿರಬೇಕು ಅಂತ ಅಂದುಕೊಂಡ್ರ, ಒಂದಿನ ಬಾಯಿ ತೆರೆದು ಹೊಸ ಪೊರೆಯಾಗ ಕುಂತಿರ್ತದ.

ಮಗಳು: ಬಲಿ ಕಟ್ಟೂದಿಲ್ಲೇನು?

ಕಾಕಾ: ಗಾಳ್ಯಾಗ ಬಲಿ ಕಟ್ಟೂ ಜೇಡ ಬ್ಯಾರೆ. ಇದು ಹಳೇ ಕುಲ. ಮನ್ಯಾಗಿನ ಜೇಡದ ಹಲ್ಲು ಎಡಕ್ಕೊಂದು ಬಲಕ್ಕೊಂದು ಇದ್ದು ಇಕ್ಕಳ ಕೂಡಿದಂಗ ಕೂಡ್ತಾವ. ಇದರವು ಎರಡೂ ಒಂದರ ಮಗ್ಗಲಿಗೊಂದು ಮ್ಯಾಲಿಂದ ಕೆಳಗ ಇಳೀತಾವ. ಬೇಟೆಯನ್ನ ನೆಲಕ್ಕೊತ್ತಿ ಚುಚ್ಚೂ ರೀತಿ ಅದು. ಕತ್ತಲಾದ ಮ್ಯಾಲ ಬಾಯಿಗೆ ಬಂದು ಮುಂದಿನ ಕಾಲು ಅಂಚಿನ ನೂಲಿನ ಮ್ಯಾಲ ಇಟ್ಟು ಕೂಡ್ತದ. ಕಣ್ಣು ಎಂಟು ಇದ್ರೂ ನೋಟ ಅಷ್ಟಕ್ಕಷ್ಟೆ. ತಿಳಿಯೂದೆಲ್ಲ ಕಾಲಿನ ಕೂದಲಿನಿಂದ, ನೆಲದ ನಡುಕದಿಂದ. ನೂಲಿನ ಅಂಚಿಗೆ ಒಂದು ಸಿಡಿಹುಳ ಕಾಲಿಟ್ರ ಸಾಕು, ಕಣ್ಣು ಮುಚ್ಚಿ ತೆಗಿಯೂದ್ರಾಗ ಹಿಡಿದು ಒಳಗ ಒಯ್ದಿರ್ತದ. ನಿನ್ನ ಹೆಜ್ಜಿ ಸದ್ದಾದ್ರ ಅದೂ ಅಷ್ಟೇ ಬಿರುಸಾಗಿ ಮಾಯ.

ಮಗಳು: ಇಷ್ಟು ಹೇಳಿದ ಮ್ಯಾಲ ನನಗೇ ಒಂದು ಸಾಕಬೇಕು ಅನಸ್ಲತ್ತದ.

ಕಾಕಾ: ಸಾಕಿದ್ರ ನೀ ಏನು ನೋಡ್ತೀ? ಗುದ್ದು ತೋಡೂ ಜೇಡ ಸಾಕಿದವರನ್ನ ಕೇಳು, ಅವರೇ ಹೇಳ್ತಾರ: ನಾವು ಸಾಕಿದ್ದು ಜೇಡ ಅಲ್ಲ, ಗುದ್ದು ಅಂತ. ತಿಂಗಳಿಗೊಮ್ಮೆ ಒಂದು ಕಾಲಿನ ತುದಿ ಕಂಡ್ರ ಕಂಡಂಗ. ಕಾಣಲಿ ಅಂತ ಕೆಲವರು ಡಬ್ಬ್ಯಾಗ ಬರೇ ಎರಡು ಬಟ್ಟು ತೆಂಗಿನ ನಾರಿನ ಪುಡಿ ಹಾಕ್ತಾರ. ಹಿಂಸೆ ಇರೂದು ಅಲ್ಲೇ. ಮುಚ್ಚಿಕೊಳ್ಲಾಕ ನೆಲ ಇಲ್ಲದ ಆ ಜೀವ ಮೂಲಿ ಹಿಡಿದು ಮುದುಡಿ ಕೂಡ್ತದ, ಯಾರು ಬಂದ್ರೂ ಮುಂಗಾಲೆತ್ತಿ ನಿಲ್ತದ. ಅದನ್ನ ನೋಡಿ ಭಾಳ ಸಿಟ್ಟಿನ ಜೇಡ ಅಂತಾರ. ಸಿಟ್ಟಲ್ಲ ಅದು, ಹೋಗಲಾಕ ಜಾಗ ಇಲ್ಲದ್ದು.

ಮಗಳು: ಆಳವಾಗಿ ಮಣ್ಣು ಹಾಕಿ ಸಾಕಿದ್ರ?

ಕಾಕಾ: ಹಂಗ ಸಾಕೂವವರೂ ಅದಾರ, ಅವರ ಮ್ಯಾಲ ನನಗ ಗೌರವ ಅದ. ಒಂದು ಮಾತು ಒಪ್ಪಲೇಬೇಕು: ಈ ಜೇಡ ಎಷ್ಟು ವರ್ಷ ಬದುಕ್ತದ, ಯಾವಾಗ ಪೊರೆ ಬಿಡ್ತದ, ಮರಿ ಹೆಂಗ ಬೆಳೀತಾವ ಅಂತ ನಮಗ ಗೊತ್ತಾಗಿದ್ದರಾಗ ದೊಡ್ಡ ಪಾಲು ಸಾಕಿದವರು ಬರೆದಿಟ್ಟದ್ದು. ಹೆಣ್ಣು ಹದಿನೈದು-ಇಪ್ಪತ್ತು ವರ್ಷ ಬಾಳ್ತದ ಅನ್ನೂದು ಅವರಿಂದಲೇ ಹೆಚ್ಚಾಗಿ ತಿಳಿದದ್ದು. ಡಬ್ಬ್ಯಾಗ ಹುಟ್ಟಿದ ಮರಿಯನ್ನ ಡಬ್ಬ್ಯಾಗ ಸಾಕಿದ್ರ ನಾನೇನೂ ಅನ್ನೂದಿಲ್ಲ. ನನ್ನ ಜಗಳ ಗುಡ್ಡದಿಂದ ಕಿತ್ತು ಒಯ್ಯೂವವರ ಜೋಡಿ.

ಮಗಳು: ಆಕಿ ಕೈಮ್ಯಾಲ ಬಿಟ್ಟುಕೊಂಡು ವಿಡಿಯೋ ಮಾಡ್ತಾಳ.

ಕಾಕಾ: ಬ್ಯಾಡ ಅನ್ನು. ಜೇಡಕ್ಕ ಕಾಲು ಮಡಚಲಾಕ ಸ್ನಾಯು ಅವ, ಮುಖ್ಯ ಕೀಲುಗಳನ್ನ ಚಾಚಲಾಕ ಇಲ್ಲ. ಮೈಯಾಗಿನ ದ್ರವವನ್ನ ಒತ್ತಿ ಕಾಲಿಗೆ ತುಂಬಿ ಚಾಚ್ತದ. ಟ್ರ್ಯಾಕ್ಟರಿನ ಟ್ರಾಲಿ ಎತ್ತೂ ಹೈಡ್ರಾಲಿಕ್ ಇದ್ದಂಗ. ಸೊಂಟದ ಎತ್ತರದಿಂದ ಬಿದ್ರೂ ಸಾಕು, ಹೊಟ್ಟಿ ಸೀಳಿ ದ್ರವ ಸೋರ್ತದ. ಅಲ್ಲಿಗೆ ಮುಗೀತು. ಇನ್ನೊಂದು, ಮೆಕ್ಸಿಕೋದ್ದಕ್ಕ ಹೊಟ್ಟಿ ಮ್ಯಾಲ ಚುಚ್ಚೂ ಕೂದಲಿರ್ತಾವ, ಹೆದರಿದ್ರ ಹಿಂಗಾಲಿನಿಂದ ಕೆರೆದು ತೂರ್ತದ. ಕಣ್ಣಿಗೆ ಹೊಕ್ರ ಡಾಕ್ಟರ ಹತ್ರನೇ ಹೋಗಬೇಕು. ನಮ್ಮ ದೇಶದವಕ್ಕ ಆ ಕೂದಲಿಲ್ಲ, ಅವಕ್ಕಿರೂದು ಹಲ್ಲು ಮಾತ್ರ. ಕೈಲೋಬ್ರಾಕಿಸ್ ಅನ್ನೂ ಕುಲದವು ಕಚ್ಚೂ ಮುಂಚೆ ಬಾಯಿ ಬುಡದ ಮುಳ್ಳುಗೂದಲು ಉಜ್ಜಿ ಬುಸ್ ಅಂತಾವ. ಗುದ್ದಿನೊಳಗಿಂದ ಆ ಸದ್ದು ಬಂದ್ರ ಹಾವು ಅಂದುಕೊಂಡು ಓಡೂ ಮಂದಿ ಅದಾರ.

ಮಗಳು: ಕಚ್ಚಿದ್ರ ಸಾಯ್ತಾರೇನು?

ಕಾಕಾ: ಟಾರಂಟುಲಾ ವಿಷದಿಂದನೇ ಮನುಷ್ಯ ಸತ್ತ ಅಂತ ಸಿದ್ಧವಾದ ಒಂದು ಪ್ರಕರಣನೂ ಇಲ್ಲ. ಉರಿ, ಬಾವು, ಕೆಲವು ಕುಲದವು ಕಚ್ಚಿದ್ರ ದಿನಗಟ್ಟಲೆ ಸ್ನಾಯು ಹಿಡಕೊಳ್ಳೂದು, ಇಷ್ಟು ಆಗ್ತದ. 2012ರಾಗ ಅಸ್ಸಾಂದ ಸದಿಯಾದಾಗ ಜೇಡ ದಂಡೆತ್ತಿ ಬಂದಾವ, ಇಬ್ಬರು ಸತ್ತಾರ ಅಂತ ದೇಶದ ತುಂಬ ಸುದ್ದಿ ಆತು. ಕಡಿಸಿಕೊಂಡವರ ಗಾಯವನ್ನ ಮಂತ್ರ ಹಾಕೂವವರು ಬ್ಲೇಡಿನಿಂದ ಕೊಯ್ದಿದ್ರು ಅನ್ನೂದು ಆಮ್ಯಾಲ ಹೊರಗ ಬಂತು. ಜೇಡದ ವಿಷದಿಂದನೇ ಸತ್ರು ಅನ್ನೂದು ಸಿದ್ಧ ಆಗ್ಲಿಲ್ಲ. ಕಚ್ಚಿದ್ರ ತೊಳಿ, ತಣ್ಣೀರು ಬಟ್ಟಿ ಇಡು, ದವಾಖಾನಿಗೆ ನಡಿ. ಕೊಯ್ಯೂದು, ಹೀರೂದು, ಸುಡೂದು ಯಾವುದೂ ಬ್ಯಾಡ. ನಮ್ಮ ಕಡೆ ಖರೇನ ಹೆದರಬೇಕಾದ್ದು ಕೆಂಪು ಚೇಳಿಗೆ. ಸಣ್ಣ ಮಕ್ಕಳ ಎದಿಗೇ ಹೋಗಿ ಬಡೀತದ ಅದರ ವಿಷ. ಮಹಾರಾಷ್ಟ್ರದ ಮಹಾಡದಾಗ ಡಾ. ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಗುಳಿಗಿ ಕೊಟ್ಟು ನೋಡಿ, ಅದು ಜೀವ ಉಳಿಸ್ತದ ಅಂತ ತೋರಿಸಿದ ಮ್ಯಾಲ ಆ ಸಾವು ಕಡಿಮಿ ಆದವು.

ಮಗಳು: ಚೇಳು ಅಂದ್ರಿ, ನೆನಪಾತು. ನಾಗರಪಂಚಮಿಗೆ ನಮ್ಮ ಜಿಲ್ಲಾದ ಕಂದಕೂರಿನ ಗುಡ್ಡದಾಗ ಮಂದಿ ಚೇಳು ಹಿಡಿದು ಮಾರಿ ಮ್ಯಾಲ, ನಾಲಿಗಿ ಮ್ಯಾಲ ಬಿಟ್ಕೊಳ್ತಾರ. ಅದು ನಡೀತದ, ಒಂದು ಜೇಡ ಸಾಕೂದು ತಪ್ಪಾ?

ಕಾಕಾ: ಒಳ್ಳೆ ಪ್ರಶ್ನಿ. ಅಲ್ಲಿ ನನಗ ಹಿಡಿಸೂದು ಏನು ಅಂದ್ರ, ಕಂಡ ಕೂಡಲೇ ಕೆರ ಎತ್ತೂ ಜೀವಿಯನ್ನ ಒಂದು ದಿನನಾದ್ರೂ ಹಿರಿಯರು ಮಕ್ಕಳು ಎಲ್ಲಾರೂ ಹತ್ರದಿಂದ ನೋಡ್ತಾರ, ಕೊಲ್ಲೂದಿಲ್ಲ. ಅದೂ ಅದರದೇ ಗುಡ್ಡದ ಮ್ಯಾಲ, ದೇವಿಯ ಹೆಸರಿನಾಗ. ಹೆದರಿಕಿ ಇಲ್ಲದ ಮಕ್ಕಳು ಬೆಳೀತಾರ. ಆದ್ರ ನಂಬಿ ಸಣ್ಣ ಕೂಸಿನ ಮೈಮ್ಯಾಲ ಬಿಡೂದು ನನಗ ಒಪ್ಪಿತ ಅಲ್ಲ, ಕೆಂಪು ಚೇಳಿಗೆ ಪಂಚಮಿ ಗೊತ್ತಿಲ್ಲ. ಮತ್ತ ಸಾವಿರಾರು ಕೈ ಎತ್ತಿದ ಕಲ್ಲು ತಿರುಗಿ ಹಂಗೇ ಕೂಡಬೇಕು. ಕಲ್ಲಿನ ಕೆಳಗಿನ ತಂಪು, ಹಸಿ, ಗುದ್ದಿನ ಬಾಯಿ ಎಲ್ಲ ಆ ಕಲ್ಲು ಮಗುಚಿದ ಗಳಿಗಿಗೆ ಹಾಳು. ಗುಡ್ಡಕ್ಕ ಹೋದಾಗ ಎತ್ತಿದ ಕಲ್ಲನ್ನ ಎತ್ತಿದಂಗೇ ಇಡೂದು ಕಲಿ.

ಮಗಳು: ನೀವು ಹೇಳೂದು ನೋಡಿದ್ರ ಗುದ್ದೇ ದೊಡ್ಡದು, ಜೇಡ ಸಣ್ಣದು ಅನ್ನಸ್ತದ.

ಕಾಕಾ: ಎರಡೂ ಬ್ಯಾರೆ ಬ್ಯಾರೆ ಅಂತ ಎಣಿಸೂದೇ ತಪ್ಪು. ಮೇ ತಿಂಗಳದಾಗ ನಮ್ಮಲ್ಲಿ 42 ಡಿಗ್ರಿ ದಾಟ್ತದ. ಬಂಡೆ ಮುಟ್ಟಿದ್ರ ಕೈ ಸುಡ್ತದ. ಒಂದು ಮೊಳ ಕೆಳಗ ಹೋಗು, ಹಗಲು-ರಾತ್ರಿಯ ಏರಿಳಿತನೇ ಹೆಚ್ಚು ಕಡಿಮಿ ನಿಂತುಹೋಗಿರ್ತದ, ಹಸಿನೂ ಉಳಿದಿರ್ತದ. ಅದರ ಉಸಿರಾಟದ ಅಂಗ, ಹೊಟ್ಟಿ ಕೆಳಗಿನ ನಾಲ್ಕು ಪುಸ್ತಕ-ಶ್ವಾಸಕೋಶ, ಒಣ ಬಿಸಿಗಾಳ್ಯಾಗ ಬೇಗ ನೀರು ಕಳಕೊಳ್ತಾವ. ಪೊರೆ ಬಿಡೂವಾಗ ಅಂಗಾತ ಮಲಗಿ ತಾಸುಗಟ್ಟಲೆ ಅಲ್ಲಾಡದ ಇರ್ತದ. ಆವಾಗ ಒಂದು ಇರುವಿ ಸಾಲು ಬಂದ್ರೂ ಉಳಿಯೂದಿಲ್ಲ. ತತ್ತಿ ಚೀಲ ಕಾಯೂದೂ ಅಲ್ಲೇ. ಗುದ್ದು ಇಲ್ಲದ ಇದರ ಬಾಳು ಒಂದು ಬ್ಯಾಸಗಿನೂ ದಾಟೂದಿಲ್ಲ.

ಮಗಳು: ಒಂದು ಒಯ್ದ್ರ ಇನ್ನೊಂದು ಬರೂದಿಲ್ಲೇನು? ತತ್ತಿ ರಾಶಿ ಇಡ್ತದಂತ.

ಕಾಕಾ: ಇಡ್ತದ. ಆದ್ರ ಬಹಳಷ್ಟು ಜೇಡದ ಮರಿ ನೂಲು ಬಿಟ್ಟು ಗಾಳ್ಯಾಗ ತೇಲಿ ಊರಾಚೆ ಹೋಗ್ತಾವ. ಇದರ ಮರಿ ನಡಕೊಂಡು ಹೋಗ್ತಾವ. ಅವ್ವನ ಗುದ್ದಿನಿಂದ ಒಂದಿಷ್ಟು ದೂರದಾಗ ತಮ್ಮ ಸಣ್ಣ ಗುದ್ದು ತೋಡ್ತಾವ. ಅದಕ್ಕೇ ನಮ್ಮ ಒಡ್ಡಿನಾಗ ಒಂದೇ ಕಡೆ ಗುಂಪಾಗಿ ಕಾಣ್ತಾವ, ಆಚೆ ಒಡ್ಡಿನಾಗ ಒಂದೂ ಇಲ್ಲ. ಮರಿ ಬೆಳೆದು ತತ್ತಿ ಇಡೂ ಹೆಣ್ಣಾಗಲಾಕ ವರ್ಷಗಟ್ಟಲೆ ಬೇಕು. ದೊಡ್ಡ ಬಾಯಿಯ ಗುದ್ದು ನೋಡಿ ನೀ ಒಂದು ಹಿಡಿದು ಒಯ್ದ್ರ, ಆ ಇಳಿಜಾರಿನ ತಾಯಿಯನ್ನೇ ಒಯ್ದಂಗ. ಹಿಡಿಯೂವವರು ಯಾವಾಗಲೂ ದೊಡ್ಡದನ್ನೇ ಹಿಡೀತಾರ, ಕೇಡು ಇರೂದು ಅಲ್ಲೇ.

ಮಗಳು: ಇಪ್ಪತ್ತು ವರ್ಷ ಒಂದೇ ಗುದ್ದಿನಾಗ?

ಕಾಕಾ: ಇದಕ್ಕಿಂತಾ ಹೆಚ್ಚಿನದು ಹೇಳ್ತೀನಿ. ಪಶ್ಚಿಮ ಆಸ್ಟ್ರೇಲಿಯಾದ ಬಾರ್ಬರಾ ಯಾರ್ಕ್ ಮೇನ್ ಅನ್ನೂ ವಿಜ್ಞಾನಿ 1974ರಾಗ ಅಲ್ಲಿನ ಒಣ ಕಾಡಿನಾಗ ಮುಚ್ಚಳದ ಜೇಡಗಳ ಗುದ್ದಿಗೆ ಒಂದೊಂದು ನಂಬರ್ ಹಾಕಿ ಲೆಕ್ಕ ಇಡಲಾಕ ಸುರು ಮಾಡಿದ್ರು. ನಮ್ಮ ಜೇಡದ ದೂರದ ಬಳಗ ಅವು. 16ನೇ ನಂಬರಿನ ಹೆಣ್ಣು 2016ರ ತನಕ ಅದೇ ಗುದ್ದಿನಾಗ ಬಾಳಿತು. 43 ವರ್ಷ! ಗೊತ್ತಿರೂ ಜೇಡಗಳಾಗ ಅಷ್ಟು ದೀರ್ಘ ಬಾಳಿದ್ದು ಮತ್ತೊಂದಿಲ್ಲ. ಕಡೀಗೆ ಮುಪ್ಪಿನಿಂದ ಸಾಯಲಿಲ್ಲ, ಕಡಜವೊಂದು ಮುಚ್ಚಳ ಕೊರೆದು ಒಳಗ ಹೋಗಿತ್ತು. ಬಾರ್ಬರಾ ತಾಯಿ ವರ್ಷಾ ವರ್ಷಾ ಹೋಗಿ ಬಗ್ಗಿ ನೋಡಿದ್ದಕ್ಕೇ ನಮಗ ಇದು ಗೊತ್ತಾತು. ಹಿಡಿದು ಒಯ್ದಿದ್ರ ಗೊತ್ತಾಗ್ತಿತ್ತೇನು?

ಮಗಳು: ಮಳೆಗಾಲದಾಗ ನಮ್ಮ ಪಡಸಾಲ್ಯಾಗ ಒಂದು ದೊಡ್ಡ ಜೇಡ ಬಂದಿತ್ತು. ಅವ್ವ ಕಸಬರಗಿಲೆ ಹೊಡದ್ಳು. ಅದೂ ಇದೇನಾ?

ಕಾಕಾ: ಉದ್ದ ಕಾಲು, ಸಣ್ಣ ಹೊಟ್ಟಿ ಇದ್ರ ಗಂಡು. ಗಂಡಿಗೆ ವಯಸ್ಸು ಬಂದ ಮ್ಯಾಲ ಗುದ್ದು ಇಲ್ಲ. ಮಳಿ ಬಿದ್ದ ಸಂಜಿಗೆ ಹೊರಟು ಹೆಣ್ಣಿನ ಗುದ್ದು ಹುಡುಕ್ತಾ ಅಲೀತದ. ಬಾಯಿಗೆ ಹೋಗಿ ಕಾಲಿನಿಂದ ತಟ್ತದ, ಒಳಗಿಂದ ಹೆಣ್ಣು ತಟ್ಟಿ ಉತ್ತರ ಕೊಡಬೇಕು. ಕೂಡಿದ ಮ್ಯಾಲ ಜೀವ ಉಳಿಸಿಕೊಂಡು ಬಂದ್ರೂ ಅದರ ಆಯುಷ್ಯ ಉಳಿದದ್ದು ಕೆಲವೇ ತಿಂಗಳು. ದೀಪದ ಬೆಳಕಿಗೆ ಹುಳ ಬರ್ತಾವ, ದಾರಿ ತಪ್ಪಿ ಇದೂ ಬರ್ತದ. ಮುಂದಿನ ಸಲ ಮ್ಯಾಲ ಒಂದು ಡಬ್ಬಿ ಬೋರಲು ಹಾಕಿ, ಕೆಳಗ ರಟ್ಟು ತೂರಿಸಿ ಒಡ್ಡಿನ ಕಡೆ ಬಿಟ್ಟು ಬಾ ಅಂತ ಅವ್ವಗ ಹೇಳು.

ಮಗಳು: ಇದರ ಹೆಸರೇನು ಕಾಕಾ? ಯಾವ ಜಾತಿ?

ಕಾಕಾ: ಗುದ್ದು ನೋಡಿ ಜಾತಿ ಹೇಳಲಾಕ ಬರೂದಿಲ್ಲ. ಬಣ್ಣನೂ ಪೊರೆಯಿಂದ ಪೊರೆಗೆ ಮಾಸ್ತದ. ಗಂಡಿನ ಮುಂಗೈ ತುದಿಯ ಅಂಗ, ಹೆಣ್ಣಿನ ಒಳಗಿನ ವೀರ್ಯಚೀಲ, ಇವನ್ನ ಸೂಕ್ಷ್ಮದರ್ಶಕದಾಗ ನೋಡಬೇಕು. ಇಲ್ಲಿ ನೋಡು, ಈ ಕಡ್ಡಿಪೆಟ್ಟಿಗ್ಯಾಗ ಒಡ್ಡಿನ ಗುದ್ದಿನ ಬಾಯಾಗ ಸಿಕ್ಕ ಪೊರೆ ಅದ. ಮೆಲ್ಲಕ ಹಿಡಿ. ಬೆನ್ನಿನ ಚಿಪ್ಪು ಮುಚ್ಚಳದಂಗ ಬಿಚ್ಚಿಕೊಂಡದ, ಕಾಲು ಎಂಟೂ ಪೊಳ್ಳು, ಹಲ್ಲಿನ ಕರೀ ತೊಗಟಿ ಸುದ್ದಾ ಅದ. ಹೊಟ್ಟಿಯ ಪೊರೆ ಮುದುಡಿದ್ದನ್ನ ನೀರಾಗ ನೆನಸಿ ಬಿಡಿಸಿದ್ರ ಹೆಣ್ಣೋ ಗಂಡೋ ತಿಳೀತದ. ಆ ವೀರ್ಯಚೀಲದ ಒಳಪದರನೂ ಪೊರೆ ಜೋಡಿ ಉದುರಿರ್ತದ. ಕೊಲ್ಲದ, ಹಿಡಿಯದ ಇಷ್ಟು ಸಿಗ್ತದ. ನಿನ್ನ ಗೆಳತಿಗೆ ಕೆಲಸ ಬೇಕಾದ್ರ ಇದು ಕಲೀಲಿ.

ಮಗಳು: ನಮ್ಮ ಕಡೆ ಇವನ್ನ ಯಾರೂ ಬಂದು ನೋಡಿಲ್ಲೇನು?

ಕಾಕಾ: ಬಂದವರೆಲ್ಲ ಘಟ್ಟದ ಕಡೆ ಹೋದ್ರು. 1899ರಾಗ ಲಂಡನ್ನಿನ ಪೊಕಾಕ್ ಅನ್ನೂವವ ಕಾರವಾರದ ಗುದ್ದಿನ ಜೇಡಕ್ಕ ಥ್ರಿಗ್ಮೋಪಿಯಸ್ ಟ್ರುಕುಲೆಂಟಸ್ ಅಂತ ಹೆಸರಿಟ್ಟ. ನಮ್ಮ ಕಾಲದಾಗ ಜೇಡ ವಿಜ್ಞಾನಿ ಮಂಜು ಸಿಲಿವಾಲರಂಥವರು ಉತ್ತರ ಕನ್ನಡದ ರಸ್ತೆ ಪಕ್ಕದ ಮಣ್ಣಿನ ದಂಡೆಯಾಗ ಅದನ್ನ ಹುಡುಕಿ ಅಭ್ಯಾಸ ಮಾಡ್ಯಾರ. ಬಯಲುಸೀಮಿ ಕಡೆ ಹಂಗ ಹುಡುಕಿದ್ದು ಕಡಿಮಿ. ಅದೇ 1899ರಾಗ ಪೊಕಾಕ್ ಇನ್ನೊಂದಕ್ಕೂ ಹೆಸರಿಟ್ಟ, ಗುತ್ತಿಯ ನೀಲಿ ಜೇಡ. ಗುತ್ತಿ ಗೊತ್ತಲ್ಲ? ಯಾದಗಿರಿಯಾಗ ರೈಲು ಹತ್ತಿ ರಾಯಚೂರು, ಗುಂತಕಲ್ ದಾಟಿದ್ರ ಬರೂದು. ಅಲ್ಲಿನ ರೈಲ್ವೆ ಕಟ್ಟಿಗಿ ರಾಶಿಯಾಗ ಸಿಕ್ಕಿತ್ತು. ಅದು ಮರದ ಪೊಟರಿಯ ಜೇಡ, ಗುದ್ದಿನದ್ದಲ್ಲ. ಕಟ್ಟಿಗಿ ಜೋಡಿ ಎಲ್ಲಿಂದಲೋ ಬಂದಿತ್ತು. ನೂರು ವರ್ಷ ಯಾರಿಗೂ ಕಾಣಲಿಲ್ಲ, 2001ರಾಗ ನಂದ್ಯಾಲ-ಗಿದ್ದಲೂರು ನಡುವಿನ ಕಾಡಿನಾಗ ತಿರುಗಿ ಸಿಕ್ತು. ಈಗ ಅದರ ಗತಿ ನೋಡು: ಯುರೋಪ್, ಅಮೆರಿಕಾದಾಗ ಮನಿ ಮನಿಯಾಗ ಅದರ ಮರಿ ಮಾರ್ತಾರ. ಹುಟ್ಟಿದ ಕಾಡಿನಾಗ 2008ರಿಂದ ಅದು ಅಳಿವಿನ ಅಂಚಿನ ಪಟ್ಟಿಯಾಗ ಅದ. 2019ರಾಗ ಅದರ ಇಡೀ ಕುಲವನ್ನ ಸೈಟಿಸ್‌ಗೆ ಸೇರಿಸಿದ್ರು. ಡಬ್ಬ್ಯಾಗ ಎಷ್ಟು ಹುಟ್ಟಿದ್ರೂ ಕಾಡಿನ ಮರ ಕಡಿಯೂದು ನಿಲ್ಲಲಿಲ್ಲ. ಸಾಕಿದ್ರ ಉಳೀತದ ಅನ್ನೂವವರಿಗೆ ನಾ ಹೇಳೂದು ಇದನ್ನೇ.

ಮಗಳು: ನಮ್ಮಲ್ಲಿ ಕಾಡೇ ಇಲ್ಲ, ಕಡಿಯೂದೇನು?

ಕಾಕಾ: ನಮ್ಮಲ್ಲಿ ಹೋಗೂದು ಗರಸು. ರಸ್ತೆಗೆ, ಮನಿ ಬುನಾದಿಗೆ ಗುಡ್ಡದ ಬುಡ ಬಗೆದು ಒಯ್ತಾರ. ನಾರಾಯಣಪುರದ ಎಡದಂಡೆ ಕಾಲುವಿ ಬಂದ ಮ್ಯಾಲ ಜ್ವಾಳ, ಸಜ್ಜಿ ಬೆಳೀತಿದ್ದ ಹೊಲ ಭತ್ತದ ಗದ್ದಿ ಆದವು. ನೀರು ಬಂದದ್ದು ಒಳ್ಳೇದೇ, ಗುಳೆ ಹೋಗೂ ಮಂದಿ ಎಷ್ಟೋ ಮನಿ ಕಟ್ಟಿಕೊಂಡ್ರು. ನಾ ಕಾಲುವಿಗೆ ಬೈಯೂದಿಲ್ಲ. ಆದ್ರ ನೀರು ನಿಲ್ಲಸಲಾಕ ಅಂತ ಹೊಲ ಸಮ ಮಾಡೂವಾಗ ಅಜ್ಜಂದಿರು ಹಾಕಿದ ಒಡ್ಡು ಎಲ್ಲ ಜೆಸಿಬಿ ಬಾಯಿಗೆ ಹೋದವು. ಉಳಿದವಕ್ಕ ಹತ್ತಿ, ಮೆಣಸಿನಕಾಯಿಗೆ ಹೊಡಿಯೂ ಔಷಧ ಬೀಳ್ತದ. ಜೇಡ ತಿನ್ನೂ ಹುಳಾನೂ ಇಲ್ಲ, ಜೇಡನೂ ಇಲ್ಲ.

ಮಗಳು: ಅಪ್ಪನೂ ಮೂಡಲ ಹೊಲ ಸಮ ಮಾಡಸ್ತೀನಿ ಅನ್ನಲತ್ತಾನ. ಒಡ್ಡು ತೆಗೆದ್ರ ಎರಡು ಸಾಲು ಹೆಚ್ಚಿಗಿ ಬರ್ತಾವಂತ.

ಕಾಕಾ: ಯಾವಾಗ?

ಮಗಳು: ತೊಗರಿ ಒಕ್ಕಣಿ ಆದ ಮ್ಯಾಲ. ಜೆಸಿಬಿಯವನಿಗೆ ಮಾತಾಡ್ಯಾನ, ರೊಕ್ಕ ಇನ್ನೂ ಕೊಟ್ಟಿಲ್ಲ.

ಕಾಕಾ: ಹಂಗಾದ್ರ ಗೆಳತಿಗೆ ಜೇಡ ಒಯ್ಯೂ ಮಾತು ಬಿಟ್ಟು ಇವತ್ತೇ ಅಪ್ಪನ ಜೋಡಿ ಕೂಡು. ಜೇಡ ಅಂದ್ರ ಅವ ಕೇಳೂದಿಲ್ಲ, ಒಡ್ಡಿನ ಲೆಕ್ಕ ಹೇಳು. ಆ ಹೊಲ ಗುಡ್ಡದಿಂದ ಇಳಿಜಾರು, ಒಡ್ಡು ತೆಗೆದ್ರ ಮೊದಲ ದೊಡ್ಡ ಮಳಿಗೇ ಮ್ಯಾಲಿನ ಮಸಾರಿ ಹಳ್ಳಕ್ಕ ಹೋಗ್ತದ. ಎರಡು ಸಾಲು ತೊಗರಿ ಅದಕ್ಕ ಸರಿ ಹೋಗೂದಿಲ್ಲ. ಇಡೀ ಒಡ್ಡು ಉಳಿಸಲಾಕ ಒಪ್ಪದಿದ್ರ, ಬೇವಿನ ಮರದಿಂದ ಕರೀ ಬಂಡೆ ತನಕದ್ದು ಬಿಡು ಅನ್ನು. ಗುದ್ದು ಇರೂದು ಅಷ್ಟರಾಗೇ.

ಮಗಳು: ಅಷ್ಟಾದ್ರ ಒಪ್ಪಬಹುದು. ಬಂಡೆ ಹತ್ರ ಹೆಂಗೂ ಟ್ರ್ಯಾಕ್ಟರ್ ತಿರುಗೂದಿಲ್ಲ.

ಕಾಕಾ: ಒಪ್ಪಿದ್ರ ಆ ತುಂಡಿಗೆ ಔಷಧ ಹೊಡಿಯಬ್ಯಾಡ್ರಿ ಅಂತನೂ ಹೇಳು. ಜೆಸಿಬಿ ಬಂದ ದಿನ ನಾನೂ ಬರ್ತೀನಿ, ಎಲ್ಲಿಗೆ ನಿಲ್ಲಸಬೇಕು ಅಂತ ಡ್ರೈವರಿಗೆ ಸುಣ್ಣದಲೆ ಗೆರಿ ಎಳೆದು ತೋರಸಬೇಕು.